ಗುಲಾಮಗಿರಿ ರದ್ದಾದ ಮೇಲೆ ಕಬ್ಬು ಕಡಿದವರು

1836ರ ಜನವರಿ 4ರಂದು ಜಾನ್ ಗ್ಲಾಡ್‌ಸ್ಟನ್ ಎಂಬ ಬ್ರಿಟಿಷ್ ವ್ಯಾಪಾರಿ ಕಲ್ಕತ್ತೆಯ ಗಿಲ್ಯಾಂಡರ್ಸ್, ಆರ್ಬತ್‌ನಾಟ್ ಕಂಪನಿಗೆ ಒಂದು ಪತ್ರ ಬರೆದ. ದಕ್ಷಿಣ ಅಮೆರಿಕದ ಉತ್ತರ ಕರಾವಳಿಯ ಡೆಮೆರಾರಾದಲ್ಲಿ, ಅಂದರೆ ಇಂದಿನ ಗಯಾನಾದಲ್ಲಿ, ಅವನಿಗೆ ಕಬ್ಬಿನ ತೋಟಗಳಿದ್ದವು. ಅಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಮೂಲದ ಗುಲಾಮರು ಕೆಲವೇ ವರ್ಷಗಳಲ್ಲಿ ಪೂರ್ಣ ಸ್ವತಂತ್ರರಾಗಲಿದ್ದರು. ಅವರ ಜಾಗಕ್ಕೆ ನೂರು ಭಾರತೀಯ ಕೂಲಿಗಳನ್ನು ಐದರಿಂದ ಏಳು ವರ್ಷಗಳ ಕರಾರಿನ ಮೇಲೆ ಕಳುಹಿಸಲು ಸಾಧ್ಯವೇ ಎಂದು ಅವನು ಕೇಳಿದ್ದ. ಕಂಪನಿಯ ಉತ್ತರ ಉತ್ಸಾಹದಿಂದ ತುಂಬಿತ್ತು. ಮಾರಿಷಸ್‌ಗೆ ಆಗಲೇ ನೂರಾರು ಜನರನ್ನು ಕಳುಹಿಸಿದ್ದೇವೆ, ವೆಸ್ಟ್ ಇಂಡೀಸ್‌ಗೆ ಕಳುಹಿಸುವುದೂ ಕಷ್ಟವಾಗಲಾರದು, ಏಕೆಂದರೆ ತಾವು ಹೋಗುವ ಊರು ಯಾವುದು, ಪ್ರಯಾಣ ಎಷ್ಟು ಉದ್ದದ್ದು ಎಂಬುದೇ ಈ ಜನಕ್ಕೆ ತಿಳಿದಿರುವುದಿಲ್ಲ ಎಂದು ಅದರಲ್ಲಿ ಬರೆದಿತ್ತು.

ತಿಳಿವಳಿಕೆ ಇಲ್ಲದಿರುವುದನ್ನೇ ಅನುಕೂಲವೆಂದು ವ್ಯಾಪಾರದ ಪತ್ರದಲ್ಲಿ ನಮೂದಿಸಿದ ಈ ಏರ್ಪಾಡು ಮುಂದಿನ ಎಂಬತ್ತು ವರ್ಷ ನಡೆಯಿತು. 1834ರಿಂದ 1917ರ ನಡುವೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಭಾರತೀಯರು ಕರಾರು ಕೂಲಿಗಳಾಗಿ ಮಾರಿಷಸ್, ಗಯಾನಾ, ಟ್ರಿನಿಡಾಡ್, ಜಮೈಕಾ, ದಕ್ಷಿಣ ಆಫ್ರಿಕದ ನಟಾಲ್, ಸುರಿನಾಮ್, ಫಿಜಿ, ರಿಯೂನಿಯನ್‌ಗಳಿಗೆ ಹಡಗು ಹತ್ತಿದರು. ಕರಾರು ಎಂಬರ್ಥದ ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಪದ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು; ಅವರು ತಮ್ಮನ್ನು ಗಿರ್ಮಿಟಿಯರು ಎಂದು ಕರೆದುಕೊಂಡರು.

ಇವರು ಗುಲಾಮರೇ, ವಲಸೆ ಕಾರ್ಮಿಕರೇ ಎಂಬ ವಾದ ಅಂದಿನಿಂದಲೂ ನಡೆದಿದೆ. ವಾದಿಸುವವರು ಹೆಚ್ಚಾಗಿ ಹಡಗು ಹತ್ತಿದ ಗಳಿಗೆಯನ್ನೇ ನೋಡುತ್ತಾರೆ: ಮೋಸ ಹೋಗಿ ಹತ್ತಿದರೋ, ಒಪ್ಪಿ ಹತ್ತಿದರೋ? ನನ್ನ ದೃಷ್ಟಿಯಲ್ಲಿ ಉತ್ತರ ಸಿಗುವ ಜಾಗ ಅದಲ್ಲ. ತೋಟಕ್ಕೆ ಹೋದ ಮೇಲೆ ಕೆಲಸ ಬೇಡವೆನಿಸಿದರೆ ಬಿಟ್ಟು ನಡೆಯಲು ಆ ಮನುಷ್ಯನಿಗೆ ಸಾಧ್ಯವಿತ್ತೇ? ಬಿಟ್ಟರೆ ಏನಾಗುತ್ತಿತ್ತು? ಇದನ್ನು ಹಿಡಿದು ಹೋದರೆ ಗುಲಾಮಗಿರಿ, ಸಾಮ್ರಾಜ್ಯ, ವಲಸೆ ಮೂರೂ ಒಂದಕ್ಕೊಂದು ಹೇಗೆ ಹೆಣೆದುಕೊಂಡವು ಎಂಬುದು ಸ್ಪಷ್ಟವಾಗುತ್ತದೆ.

ಸಕ್ಕರೆಯ ಹಸಿವು

ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ನಡುವೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸಲು ಹಡಗುಗಳಿಗೆ ತುಂಬಲಾಯಿತು. ಜೀವಸಹಿತ ಇಳಿದವರು ಸುಮಾರು 1.07 ಕೋಟಿ. ಗುಲಾಮರೆಂದರೆ ಅಮೆರಿಕದ ಹತ್ತಿ ಹೊಲಗಳು ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ಆಫ್ರಿಕದಿಂದ ನೇರವಾಗಿ ಬಂದವರು ನಾಲ್ಕು ಲಕ್ಷದಷ್ಟು ಮಾತ್ರ. ಬಹುಪಾಲು ಜನ ಹೋದದ್ದು ಬ್ರೆಜಿಲ್ ಮತ್ತು ಕೆರಿಬಿಯನ್ ದ್ವೀಪಗಳಿಗೆ, ಮುಖ್ಯವಾಗಿ ಸಕ್ಕರೆಗಾಗಿ.

ಸಕ್ಕರೆಯೇ ಏಕೆ? ಮಂಡ್ಯ, ಬೆಳಗಾವಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ರಸ ಹುಳಿಯುತ್ತದೆ, ಇಳುವರಿ ಬೀಳುತ್ತದೆ. ಆದ್ದರಿಂದ ಹೊಲ, ಗಾಣ, ಕೊಪ್ಪರಿಗೆ ಮೂರೂ ಒಂದೇ ಗಡಿಯಾರಕ್ಕೆ ದುಡಿಯಬೇಕು. ಸುಗ್ಗಿಯ ತಿಂಗಳುಗಳಲ್ಲಿ ಗಾಣಗಳು ರಾತ್ರಿಯಿಡೀ ತಿರುಗುತ್ತಿದ್ದವು. ಆ ಹೊತ್ತಿನಲ್ಲಿ ಆಳುಗಳು ಕೂಲಿ ಹೆಚ್ಚಿಸಿ ಎಂದು ಕೈಕಟ್ಟಿ ನಿಂತರೆ ಇಡೀ ವರ್ಷದ ಬೆಳೆ ಹೋಗುತ್ತದೆ. ಒಲ್ಲೆ ಎನ್ನಲಾಗದ ಆಳು ಬೇಕು ಎಂಬ ತೋಟದೊಡೆಯನ ಹಟದ ಹಿಂದೆ ಕ್ರೌರ್ಯದ ಜೊತೆಗೆ ಈ ಲೆಕ್ಕಾಚಾರವೂ ಇತ್ತು. ಕಾನೂನು ಬದಲಾದಾಗಲೂ ಲೆಕ್ಕಾಚಾರ ಬದಲಾಗಲಿಲ್ಲ.

ಹಿಂದೂ ಮಹಾಸಾಗರದಲ್ಲಿಯೂ ಮನುಷ್ಯರ ವ್ಯಾಪಾರ ನಡೆದಿತ್ತು, ಅದೂ ಎರಡು ದಿಕ್ಕಿಗೆ. ಪೂರ್ವ ಆಫ್ರಿಕದಿಂದ ಪೋರ್ಚುಗೀಸರು ಗೋವೆಗೆ ತಂದವರಲ್ಲಿ ಕೆಲವರು ತಪ್ಪಿಸಿಕೊಂಡು ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಹಿರಿಯರಲ್ಲಿ ಅವರೂ ಇದ್ದಾರೆ. ಅದೇ ಕಾಲದಲ್ಲಿ ಕೋರಮಂಡಲ ತೀರದ ಭಾರತೀಯರನ್ನು ಡಚ್ಚರು ಆಫ್ರಿಕದ ದಕ್ಷಿಣ ತುದಿಯ ಕೇಪ್‌ಗೂ ಜಾವಾದ ಬಟಾವಿಯಾಕ್ಕೂ, ಫ್ರೆಂಚರು ಮಾರಿಷಸ್‌ಗೂ ಗುಲಾಮರನ್ನಾಗಿ ಸಾಗಿಸಿದ್ದರು. ಗಿರ್ಮಿಟಿಯರು ಮಾರಿಷಸ್‌ಗೆ ಕಾಲಿಡುವ ಎಷ್ಟೋ ಮೊದಲೇ ಭಾರತೀಯ ಗುಲಾಮರ ಮಕ್ಕಳು ಅಲ್ಲಿದ್ದರು.

ಪರಿಹಾರ ಸಿಕ್ಕಿದ್ದು ಯಾರಿಗೆ

ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಗುಲಾಮಗಿರಿಯನ್ನೇ ರದ್ದು ಮಾಡುವ ಕಾನೂನು 1833ರಲ್ಲಿ ಬಂತು, 1834ರ ಆಗಸ್ಟ್ 1ರಂದು ಜಾರಿಯಾಯಿತು. ಸುಮಾರು ಎಂಟು ಲಕ್ಷ ಜನ ಅದರ ವ್ಯಾಪ್ತಿಗೆ ಬಂದರು. ಈ ಕಾನೂನು ಎರಡು ಕೋಟಿ ಪೌಂಡ್ ಪರಿಹಾರವನ್ನು ಗೊತ್ತು ಮಾಡಿತು. ಆಗ ಅದು ಸರ್ಕಾರದ ಒಂದು ವರ್ಷದ ವೆಚ್ಚದಲ್ಲಿ ಸುಮಾರು ನೂರಕ್ಕೆ ನಲವತ್ತರಷ್ಟು. ಇಷ್ಟೂ ಹಣ ಹೋದದ್ದು ಒಡೆಯರಿಗೆ. ‘ಆಸ್ತಿ’ ಕಳೆದುಕೊಂಡದ್ದಕ್ಕೆ ಅವರಿಗೆ ಪರಿಹಾರ. ತಲೆಮಾರುಗಳ ದುಡಿಮೆಗೆ ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ಇದಕ್ಕಾಗಿ ಎತ್ತಿದ ಸಾಲ ಬೇರೆ ಬೇರೆ ಸಾಲಪತ್ರಗಳಲ್ಲಿ ಸೇರಿಕೊಂಡು ಕೊನೆಗೆ ತೀರಿದ್ದು 2015ರಲ್ಲಿ. ಜಾನ್ ಗ್ಲಾಡ್‌ಸ್ಟನ್‌ಗೆ 2,500ಕ್ಕೂ ಹೆಚ್ಚು ಜನರ ಬಾಬ್ತು ಒಂದು ಲಕ್ಷ ಪೌಂಡ್‌ಗೂ ಮೀರಿದ ಹಣ ಸಿಕ್ಕಿತು. ಮುಂದೆ ನಾಲ್ಕು ಬಾರಿ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ ಇವನ ಮಗ.

ಬಿಡುಗಡೆಯೂ ಒಮ್ಮೆಲೇ ಆಗಲಿಲ್ಲ. ಹೊಲದ ಗುಲಾಮರು ಇನ್ನೂ ಆರು ವರ್ಷ ‘ಅಪ್ರೆಂಟಿಸ್’ ಆಗಿ ಅದೇ ಒಡೆಯನ ಬಳಿ ವಾರಕ್ಕೆ 45 ಗಂಟೆಗಳವರೆಗೆ ಕೂಲಿಯಿಲ್ಲದೆ ದುಡಿಯಬೇಕಿತ್ತು. ಹುಟ್ಟಿದಂದಿನಿಂದ ಕಬ್ಬು ಕಡಿದವರಿಗೆ ಕಬ್ಬು ಕಡಿಯುವ ತರಬೇತಿ! ಪ್ರತಿಭಟನೆ ಜೋರಾಗಿ, 1838ರ ಆಗಸ್ಟ್ 1ರಂದು ವೆಸ್ಟ್ ಇಂಡೀಸ್‌ನಲ್ಲಿ ಈ ಏರ್ಪಾಡನ್ನು ಅವಧಿಗೆ ಮೊದಲೇ ಕೈಬಿಡಬೇಕಾಯಿತು.

ಅದೇ 1833ರ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಭಾರತದಲ್ಲಿ ಬಿಡಿಸಬೇಕಾದವರು ಇರಲಿಲ್ಲವೇ? 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್, ನಮ್ಮ ಕರಾವಳಿಯಲ್ಲಿ ಜಮೀನಿಗೆ ಕಟ್ಟಿಬಿದ್ದ ದಲಿತ ಕುಟುಂಬಗಳನ್ನು ಕೊಳ್ಳುವ, ಮಾರುವ, ಅಡವಿಡುವ ಪದ್ಧತಿಯನ್ನು ಬೆಲೆಯ ಸಮೇತ ದಾಖಲಿಸಿದ್ದ. ಅಟ್ಲಾಂಟಿಕ್‌ನ ಆಚೆಗೆ ಬಿಡುಗಡೆಯ ಗಂಟೆ ಬಾರಿಸಿದ ಸಂಸತ್ತು ಇವರನ್ನು ಕೈಬಿಟ್ಟಿತು. 1843ರಲ್ಲಿ ಬಂದ ಭಾರತದ ಕಾನೂನು ಕೂಡ ಯಾರನ್ನೂ ನೇರವಾಗಿ ಬಿಡುಗಡೆ ಮಾಡಲಿಲ್ಲ. ಗುಲಾಮನ ಮೇಲಿನ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡುವುದಿಲ್ಲ ಎಂದಷ್ಟೇ ಹೇಳಿತು. ಗುಲಾಮರನ್ನು ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಅಪರಾಧವಾದದ್ದು 1860ರ ದಂಡ ಸಂಹಿತೆಯಲ್ಲಿ.

ಆಳುಗಳ ಕೊರತೆ ಎಂಬ ದೂರು

ಬಿಡುಗಡೆಯಾದವರು ಏನು ಮಾಡಿದರು ಎಂಬುದನ್ನು ತಿಳಿಯದೆ ಭಾರತೀಯರನ್ನು ಕರೆಸಿದ್ದೇಕೆ ಎಂಬುದು ಅರ್ಥವಾಗುವುದಿಲ್ಲ. ಸೋಮಾರಿಗಳಾದರು, ಕಾಡು ಸೇರಿದರು ಎಂದು ತೋಟದೊಡೆಯರು ಲಂಡನ್ನಿಗೆ ಬರೆದರು. ನಡೆದದ್ದು ಬೇರೆಯೇ. ಗಯಾನಾದ ಐದು ತೋಟಗಳ 83 ಜನ 1839ರ ನವೆಂಬರಿನಲ್ಲಿ ತಮ್ಮ ಉಳಿತಾಯವನ್ನೆಲ್ಲ ಒಟ್ಟುಗೂಡಿಸಿ ನಾರ್ತ್‌ಬ್ರೂಕ್ ಎಂಬ ಪಾಳುಬಿದ್ದ ತೋಟವನ್ನೇ 30,000 ಗಿಲ್ಡರ್ ಕೊಟ್ಟು ಕೊಂಡರು. ನಾಣ್ಯಗಳನ್ನು ಕೈಗಾಡಿಗಳಲ್ಲಿ ತಳ್ಳಿಕೊಂಡು ಹೋದರೆಂದು ಅಲ್ಲಿ ಈಗಲೂ ಹೇಳುತ್ತಾರೆ. ಆ ತೋಟ ವಿಕ್ಟೋರಿಯಾ ಎಂಬ ಹಳ್ಳಿಯಾಯಿತು. ಇಂಥ ಹಳ್ಳಿಗಳು ಒಂದರ ಹಿಂದೊಂದು ಎದ್ದವು. ಸ್ವಂತ ನೆಲ, ಸ್ವಂತ ಮನೆ ಇದ್ದವರು ತೋಟಕ್ಕೆ ಕೆಲಸಕ್ಕೆ ಹೋಗಲು ಒಲ್ಲೆ ಎನ್ನಲಿಲ್ಲ, ಕೂಲಿ ಎಷ್ಟು ಎಂದು ಕೇಳತೊಡಗಿದರು. ಕೂಲಿ ಕಡಿತ ಮಾಡಿದಾಗ 1842ರಲ್ಲಿ, ಮತ್ತೆ 1848ರಲ್ಲಿ ಗಯಾನಾದಲ್ಲಿ ದೊಡ್ಡ ಮುಷ್ಕರಗಳಾದವು.

ಆಳುಗಳ ಕೊರತೆ ಎಂದು ಒಡೆಯರು ಹೇಳಿದ್ದು, ತಾವು ಹೇಳಿದ ಕೂಲಿಗೆ ಬರುವವರ ಕೊರತೆಯನ್ನು. 1846ರಲ್ಲಿ ಬ್ರಿಟನ್ ಸಕ್ಕರೆಯ ಆಮದು ಸುಂಕವನ್ನು ಹಂತಹಂತವಾಗಿ ಸಮಗೊಳಿಸಲು ತೀರ್ಮಾನಿಸಿದಾಗ ಅವರಿಗೆ ಇನ್ನೊಂದು ಪೆಟ್ಟು ಬಿತ್ತು. ಕ್ಯೂಬಾ, ಬ್ರೆಜಿಲ್‌ಗಳಲ್ಲಿ ಗುಲಾಮಗಿರಿ ಇನ್ನೂ ನಡೆದಿತ್ತು. ಅಲ್ಲಿ ಅದು ಮುಗಿದದ್ದು 1886 ಮತ್ತು 1888ರಲ್ಲಿ. ಗುಲಾಮರು ಬೆಳೆದ ಆ ಅಗ್ಗದ ಸಕ್ಕರೆಯೂ ಇನ್ನು ಲಂಡನ್ನಿನ ಮಾರುಕಟ್ಟೆಗೆ ಸಲೀಸಾಗಿ ಬರುವಂತಾಯಿತು. ಗುಲಾಮಗಿರಿಯನ್ನು ದ್ವೇಷಿಸಿದ ದೇಶ ಗುಲಾಮರ ಸಕ್ಕರೆಯನ್ನು ಚಹಾಕ್ಕೆ ಹಾಕಿಕೊಂಡಿತು. ಬ್ರಿಟಿಷ್ ವಸಾಹತುಗಳ ಒಡೆಯರು ಕೂಲಿಯನ್ನು ತಗ್ಗಿಸುವ ದಾರಿ ಹುಡುಕಿದರು. ಆ ದಾರಿ ಕಲ್ಕತ್ತೆ, ಮದ್ರಾಸುಗಳ ಬಂದರಿನಿಂದ ಹೊರಟಿತು. ಹೊಸಬರನ್ನು ಕರೆತರುವ ವೆಚ್ಚದ ಒಂದು ಪಾಲನ್ನು ವಸಾಹತಿನ ಬೊಕ್ಕಸ ಕೊಟ್ಟಿತು. ಅಂದರೆ ಬಿಡುಗಡೆಯಾದ ಕರಿಯರು ತಮ್ಮದೇ ಕೂಲಿಯನ್ನು ಇಳಿಸುವ ಯೋಜನೆಗೆ ತೆರಿಗೆ ಕಟ್ಟಿದರು. ಗಯಾನಾದಲ್ಲಿ, ಟ್ರಿನಿಡಾಡ್‌ನಲ್ಲಿ ಆಫ್ರಿಕನ್ ಮತ್ತು ಭಾರತೀಯ ಮೂಲದವರ ನಡುವೆ ಇಂದಿಗೂ ಉಳಿದಿರುವ ರಾಜಕೀಯ ಅಪನಂಬಿಕೆಯ ಬೇರು ಇಲ್ಲಿದೆ. ಎರಡು ಶೋಷಿತ ಸಮುದಾಯಗಳನ್ನು ಒಂದರ ವಿರುದ್ಧ ಒಂದನ್ನಾಗಿ ಅಲ್ಲಿ ನೆಡಲಾಯಿತು.

ಮೊದಲು ಹೋದದ್ದು ಮಾರಿಷಸ್. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗು ಛೋಟಾ ನಾಗಪುರದ ಕಡೆಯ 36 ಜನರನ್ನು ಪೋರ್ಟ್ ಲೂಯಿಸ್‌ನಲ್ಲಿ ಇಳಿಸಿತು. ಅಲ್ಲಿಂದ 1910ರವರೆಗೆ ನಾಲ್ಕೂವರೆ ಲಕ್ಷದಷ್ಟು ಜನ ಆ ಪುಟ್ಟ ದ್ವೀಪಕ್ಕೆ ಬಂದರು. ಅವರು ಹತ್ತಿದ ಬಂದರಿನ ಮೆಟ್ಟಿಲುಗಳಿರುವ ಆಪ್ರವಾಸಿ ಘಾಟ್ 2006ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಗ್ಲಾಡ್‌ಸ್ಟನ್ ಕೇಳಿದ ಜನರನ್ನೂ ಒಳಗೊಂಡು ಕಲ್ಕತ್ತೆಯಿಂದ 414 ಜನ ‘ವಿಟ್ಬಿ’, ‘ಹೆಸ್ಪರಸ್’ ಎಂಬ ಎರಡು ಹಡಗುಗಳಲ್ಲಿ ಹೊರಟರು. 1838ರ ಮೇ 5ರಂದು ಗಯಾನಾದಲ್ಲಿ ಇಳಿದವರು 396. ಮರುವರ್ಷವೇ ಗುಲಾಮಗಿರಿ ವಿರೋಧಿ ಹೋರಾಟಗಾರ ಜಾನ್ ಸ್ಕೋಬಲ್ ಅಲ್ಲಿಗೆ ಹೋಗಿ, ಗ್ಲಾಡ್‌ಸ್ಟನ್ನನ ತೋಟದಲ್ಲಿ ಭಾರತೀಯರಿಗೆ ಚಾಟಿಯೇಟು ಬೀಳುತ್ತಿದ್ದುದನ್ನು ಬಯಲಿಗೆಳೆದರು. ಸಾಗಣೆ ನಿಂತಿತು. ಇದು ಹೊಸ ಬಗೆಯ ಗುಲಾಮಗಿರಿಯಾದೀತು, ಆ ಹೊಣೆ ಹೊರಲು ತಾನು ಸಿದ್ಧನಿಲ್ಲ ಎಂದು ವಸಾಹತು ಮಂತ್ರಿ ಲಾರ್ಡ್ ಜಾನ್ ರಸೆಲ್ 1840ರಲ್ಲಿ ಬರೆದ. 1842ರ ಹೊತ್ತಿಗೆ ಮಾರಿಷಸ್‌ಗೆ, ಎರಡು ವರ್ಷಗಳ ನಂತರ ವೆಸ್ಟ್ ಇಂಡೀಸ್‌ಗೆ ಮತ್ತೆ ಅನುಮತಿ ಸಿಕ್ಕಿತು. ಟ್ರಿನಿಡಾಡ್‌ಗೆ 1845ರಲ್ಲಿ, ನಟಾಲ್‌ಗೆ 1860ರಲ್ಲಿ, ಡಚ್ಚರ ಸುರಿನಾಮ್‌ಗೆ 1873ರಲ್ಲಿ, ಫಿಜಿಗೆ 1879ರಲ್ಲಿ ಮೊದಲ ಹಡಗುಗಳು ತಲುಪಿದವು.

ಹೊರಟವರು ಯಾರು

ಬಿಹಾರದ ಶಹಾಬಾದ್, ಸಾರನ್, ಇಂದಿನ ಉತ್ತರ ಪ್ರದೇಶದ ಗಾಜಿಪುರ, ಆಜಮ್‌ಗಢ, ಬಸ್ತಿ, ಗೊಂಡಾ, ದಕ್ಷಿಣದಲ್ಲಿ ಉತ್ತರ ಆರ್ಕಾಟ್, ತಂಜಾವೂರು, ವಿಶಾಖಪಟ್ಟಣ ಜಿಲ್ಲೆಗಳಿಂದ ಹೆಚ್ಚಿನ ಜನ ಹೋದರು. ಕಂದಾಯದ ಭಾರ, ಮಗ್ಗಗಳ ಅವನತಿ, ಸಾಲ, ಜಾತಿಯ ಹಿಂಸೆ, ಮನೆಯ ಜಗಳ ಹೀಗೆ ಕಾರಣಗಳು ಹಲವು. ಎಲ್ಲಕ್ಕಿಂತ ದೊಡ್ಡದು ಬರ. ನಮ್ಮಲ್ಲಿ ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನಪಿರುವ 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಕುಸಿಯಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದದ್ದು 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಅದೇ ಕ್ಷಾಮದಲ್ಲಿ ಮದ್ರಾಸ್ ಪ್ರಾಂತದಿಂದ ಸಿಂಹಳಕ್ಕೆ ಹೋಗುವವರ ಸಾಲು ಹಿಗ್ಗಿತು. ಹಸಿದವನ ಸಹಿಯನ್ನು ಒಪ್ಪಿಗೆ ಎಂದು ಕರೆಯುವ ಮೊದಲು ಈ ಅಂಕಿಗಳನ್ನು ನೋಡಬೇಕು.

ಆಳು ಹುಡುಕುವ ದಲ್ಲಾಳಿಯನ್ನು ಉತ್ತರದಲ್ಲಿ ಅರಕಾಟಿ ಎನ್ನುತ್ತಿದ್ದರು. ತಲೆಗಿಷ್ಟು ಎಂದು ಅವನಿಗೆ ಕಮಿಷನ್, ಹೆಂಗಸಾದರೆ ಹೆಚ್ಚು. ಸಂತೆ, ಜಾತ್ರೆ, ರೈಲು ನಿಲ್ದಾಣ, ತೀರ್ಥಕ್ಷೇತ್ರಗಳಲ್ಲಿ ಅವನು ಕಾಯುತ್ತಿದ್ದ. ಮ್ಯಾಜಿಸ್ಟ್ರೇಟರ ಮುಂದೆ ಹೆಸರು ನೋಂದಣಿ, ಕಲ್ಕತ್ತೆಯ ಗಾರ್ಡನ್ ರೀಚ್‌ನ ಡಿಪೋ, ವೈದ್ಯರ ತಪಾಸಣೆ, ಆಮೇಲೆ ವಲಸೆ ಪತ್ರ. ಅದರಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಊರು, ಎತ್ತರ, ಮೈಮೇಲಿನ ಗುರುತು ಎಲ್ಲವೂ ಇರುತ್ತಿದ್ದವು. ಹಾಯಿ ಹಡಗಿನಲ್ಲಿ ಕೆರಿಬಿಯನ್‌ಗೆ ಮೂರು ತಿಂಗಳ ದಾರಿ. ಕಾಲರಾ, ಭೇದಿ, ದಡಾರ ಹಬ್ಬಿದರೆ ಸಾವುಗಳ ಲೆಕ್ಕ ಹೇಳತೀರದು. 1856–57ರಲ್ಲಿ ಕಲ್ಕತ್ತೆಯಿಂದ ವೆಸ್ಟ್ ಇಂಡೀಸ್‌ಗೆ ಹೋದ ಹಡಗುಗಳಲ್ಲಿ ನೂರಕ್ಕೆ ಹದಿನೇಳರಷ್ಟು ಜನ ದಾರಿಯಲ್ಲೇ ಸತ್ತರು. ಬದುಕಿ ಒಟ್ಟಿಗೆ ಇಳಿದವರ ನಡುವೆ ಜಾತಿ ಮೀರಿದ ನಂಟು ಬೆಳೆಯಿತು. ಅವರು ಪರಸ್ಪರ ಜಹಾಜಿ ಭಾಯಿ, ಜಹಾಜಿ ಬಹೆನ್ ಎಂದು ಕರೆದುಕೊಂಡರು; ಆ ನಂಟು ರಕ್ತಸಂಬಂಧದಷ್ಟೇ ಗಟ್ಟಿಯಾಗಿತ್ತು. ಈ ಇಡೀ ಇತಿಹಾಸದಲ್ಲಿ ಯಾವ ಕಾನೂನೂ ಕೊಡದೆ ಜನರೇ ಕಟ್ಟಿಕೊಂಡದ್ದು ಇದು.

ಕರಾರು ಮುರಿದರೆ ಜೈಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂದು ನೀವು ಒಂದು ಕೆಲಸಕ್ಕೆ ಒಪ್ಪಿ ಸಹಿ ಹಾಕಿ, ನಡುವೆ ಬಿಟ್ಟು ಹೋದರೆ ಹೆಚ್ಚೆಂದರೆ ಕಂಪನಿ ನಷ್ಟಕ್ಕಾಗಿ ಸಿವಿಲ್ ದಾವೆ ಹೂಡಬಹುದು. ಪೊಲೀಸರು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಗಿರ್ಮಿಟಿನಲ್ಲಿ ಕರಾರು ಮುರಿಯುವುದು ಅಪರಾಧ. ಕೆಲಸಕ್ಕೆ ಬಾರದಿದ್ದರೆ, ನಿಗದಿತ ಕೆಲಸ ಮುಗಿಸದಿದ್ದರೆ, ಅನುಮತಿಯಿಲ್ಲದೆ ತೋಟದ ಗಡಿ ದಾಟಿದರೆ, ಮೇಲ್ವಿಚಾರಕನಿಗೆ ಎದುರಾಡಿದರೆ ದಂಡ ಅಥವಾ ಸೆರೆವಾಸ. ಹಲವು ವಸಾಹತುಗಳಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಕೂಲಿ ಕೊಡದ ಒಡೆಯನ ಮೇಲೂ ಕಾನೂನಿನಲ್ಲಿ ದೂರು ಕೊಡಬಹುದಿತ್ತು. ಆದರೆ ದೂರು ಕೊಡಲು ತೋಟದ ಹೊರಗೆ ಹೋಗಬೇಕು, ಹೊರಗೆ ಹೋಗಲು ಒಡೆಯನ ಅನುಮತಿ ಬೇಕು.

ಫಿಜಿಯ ಕರಾರು ಹೀಗಿತ್ತು: ಐದು ವರ್ಷ, ದಿನಕ್ಕೆ ಒಂಬತ್ತು ಗಂಟೆ, ಶನಿವಾರ ಐದು ಗಂಟೆ. ಗಂಡಸಿಗೆ ದಿನಕ್ಕೆ ಒಂದು ಶಿಲ್ಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್. ಓದಿದರೆ ಒಪ್ಪಬಹುದಾದ ಷರತ್ತುಗಳು. ಆದರೆ ಕೂಲಿಯನ್ನು ದಿನದ ಬದಲು ‘ಟಾಸ್ಕ್’ಗೆ, ಅಂದರೆ ಗೊತ್ತುಪಡಿಸಿದ ಕೆಲಸದ ಪ್ರಮಾಣಕ್ಕೆ ಕಟ್ಟುವ ಅವಕಾಶವೂ ಅದೇ ಕರಾರಿನಲ್ಲಿತ್ತು. ಪ್ರಮಾಣ ಎಷ್ಟೆಂದು ಗೊತ್ತು ಮಾಡುವವನು ಮೇಲ್ವಿಚಾರಕ. ಮಳೆಗೆ ಕೆಸರಾದ ಮಣ್ಣಿನಲ್ಲಿ, ಜ್ವರ ಬಂದ ಮೈಯಲ್ಲಿ ಅಷ್ಟು ಮುಗಿಯದಿದ್ದರೆ ಕೂಲಿಯೂ ಇಲ್ಲ, ಮೇಲೆ ನ್ಯಾಯಾಲಯದ ಸಮನ್ಸ್. ವಸತಿ ಸಾಲುಮನೆಗಳಲ್ಲಿ, ಹತ್ತಡಿ ಉದ್ದ ಏಳಡಿ ಅಗಲದ ಒಂದು ಕೋಣೆಗೆ ಮೂವರು ಗಂಡಸರು, ಇಲ್ಲವೇ ಒಂದು ಸಂಸಾರ. ಅಲ್ಲಿದ್ದವರು ಅದನ್ನು ನರಕ ಎಂದೇ ಕರೆದರು.

ಮಾರಿಷಸ್‌ನಲ್ಲಿ ‘ಡಬಲ್ ಕಟ್’ ಎಂಬ ಪದ್ಧತಿಯಿತ್ತು. ಒಂದು ದಿನ ತಪ್ಪಿಸಿದರೆ ಎರಡು ದಿನದ ಕೂಲಿ ಖೋತಾ. ತಿಂಗಳ ಕೊನೆಗೆ ಒಡೆಯನಿಗೇ ಸಾಲಗಾರನಾಗಿ ನಿಲ್ಲುವುದು ಹೊಸದಾಗಿರಲಿಲ್ಲ. ಕರಾರಿನ ಐದು ವರ್ಷ ಮುಗಿಸಿದವರೂ ಪಾರಾಗಲಿಲ್ಲ. 1867ರ ಕಾನೂನಿನ ಪ್ರಕಾರ ಅವರು ಫೋಟೊ ಅಂಟಿಸಿದ ಗುರುತಿನ ಚೀಟಿ ಮತ್ತು ಪೊಲೀಸ್ ಪಾಸ್ ಇಟ್ಟುಕೊಂಡೇ ಓಡಾಡಬೇಕು. ಮನೆಯಲ್ಲಿ ಮರೆತು ಬಂದರೆ, ಪಕ್ಕದ ಜಿಲ್ಲೆಗೆ ಕಾಲಿಟ್ಟರೆ ‘ಅಲೆಮಾರಿ’ ಎಂದು ಬಂಧನ. ಬಿಡುಗಡೆಯ ದಾರಿಯೆಂದರೆ ಮತ್ತೆ ಕರಾರಿಗೆ ಸಹಿ ಹಾಕುವುದು. ಇದರ ವಿರುದ್ಧ 1871ರಲ್ಲಿ 9,401 ಜನ ಒಂದು ಅರ್ಜಿಗೆ ಸಹಿ ಹಾಕಿದರು. ಅವರ ಪರವಾಗಿ ಅದನ್ನು ಸಿದ್ಧಪಡಿಸಿದವರು ಅಡಾಲ್ಫ್ ದ ಪ್ಲೆವಿಟ್ಸ್ ಎಂಬ ಯುರೋಪಿಯನ್. ತೋಟದೊಡೆಯರು ಅವರ ಮೇಲೆ ಹರಿಹಾಯ್ದರು, ಆದರೆ ಲಂಡನ್ ಮರುವರ್ಷ ರಾಯಲ್ ಕಮಿಷನ್ ಕಳುಹಿಸಬೇಕಾಯಿತು. ಅರ್ಜಿಯ ದೂರುಗಳು ನಿಜವೆಂದು ಆ ಆಯೋಗದ ವರದಿಯೇ ತೋರಿಸಿಕೊಟ್ಟಿತು.

ಮೋಹನದಾಸ ಗಾಂಧಿ ಎಂಬ ಯುವ ವಕೀಲನ ಡರ್ಬನ್ ಕಚೇರಿಗೆ 1894ರಲ್ಲಿ ಬಾಲಸುಂದರಂ ಎಂಬ ತಮಿಳು ಗಿರ್ಮಿಟಿಯ ಬಂದ. ಒಡೆಯನ ಹೊಡೆತಕ್ಕೆ ಅವನ ಮುಂದಿನ ಎರಡು ಹಲ್ಲು ಮುರಿದು ಬಾಯಿಯಿಂದ ರಕ್ತ ಸುರಿಯುತ್ತಿತ್ತು. ಅಷ್ಟಾದರೂ ಅವನು ಆ ಮನೆಯ ಕೆಲಸ ಬಿಟ್ಟು ಹೊರಡುವಂತಿರಲಿಲ್ಲ. ಬಿಟ್ಟರೆ ಜೈಲಿಗೆ ಹೋಗುವವನು ಅವನೇ. ಗಾಂಧಿ ಮಾಡಲು ಸಾಧ್ಯವಾದದ್ದು ಅವನ ಕರಾರನ್ನು ಇನ್ನೊಬ್ಬ ಒಡೆಯನಿಗೆ ವರ್ಗಾಯಿಸುವುದು. ಕಾನೂನು ಮನುಷ್ಯನನ್ನು ಎಷ್ಟರ ಮಟ್ಟಿಗೆ ಕಟ್ಟಿಹಾಕಿತ್ತು ಎಂಬುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಗೊತ್ತಿಲ್ಲ.

ಹಾಗಾದರೆ ಗಿರ್ಮಿಟ್ ಗುಲಾಮಗಿರಿಯೇ? ಅಲ್ಲ, ಮತ್ತು ಆ ವ್ಯತ್ಯಾಸ ಸಣ್ಣದಲ್ಲ. ಗಿರ್ಮಿಟಿಯ ಯಾರ ಆಸ್ತಿಯೂ ಆಗಿರಲಿಲ್ಲ. ಅವನ ಮಕ್ಕಳು ಜೀತದಾಳುಗಳಾಗಿ ಹುಟ್ಟಲಿಲ್ಲ. ಗುಲಾಮ ತಾಯಿಯ ಮಗು ಹುಟ್ಟುತ್ತಲೇ ಒಡೆಯನ ಲೆಕ್ಕಪುಸ್ತಕ ಸೇರುತ್ತಿತ್ತು. ಮಾರಾಟದಲ್ಲಿ ತಾಯಿ ಒಂದು ದ್ವೀಪಕ್ಕೆ, ಮಗು ಇನ್ನೊಂದಕ್ಕೆ ಹೋಗುತ್ತಿತ್ತು. ಹೆಸರು, ಭಾಷೆ, ಊರಿನ ನೆನಪು ಎಲ್ಲವನ್ನೂ ಅಳಿಸಿದ ಆ ಅನುಭವವನ್ನು ಗಿರ್ಮಿಟಿನ ಜೊತೆ ಸಮ ಮಾಡಿದರೆ ಆಫ್ರಿಕನ್ನರಿಗೆ ಅನ್ಯಾಯವಾಗುತ್ತದೆ. ಗಿರ್ಮಿಟಿಗೆ ಕೊನೆಯ ದಿನಾಂಕವಿತ್ತು. ಹಲವು ವಸಾಹತುಗಳಲ್ಲಿ ಹತ್ತು ವರ್ಷ ಕಳೆದ ಮೇಲೆ ಊರಿಗೆ ಮರಳಲು ಉಚಿತ ಪ್ರಯಾಣದ ಹಕ್ಕಿತ್ತು. ಉಳಿತಾಯ ತಂದವರು, ನೆಲ ಕೊಂಡವರು, ಜಾತಿಯ ಹೊರೆಯನ್ನು ಸಮುದ್ರಕ್ಕೆ ಬಿಟ್ಟು ತಲೆಯೆತ್ತಿದವರು ಇದ್ದಾರೆ. ಆದರೆ ಕರಾರಿನ ಆ ಐದು ವರ್ಷಗಳೊಳಗೆ ಒಲ್ಲೆ ಎನ್ನುವ ಹಕ್ಕು ಇರಲಿಲ್ಲ. ತೋಟದೊಡೆಯರು ಗುಲಾಮಗಿರಿಯಿಂದ ಉಳಿಸಿಕೊಳ್ಳಲು ಬಯಸಿದ್ದು ಆ ಒಂದನ್ನೇ, ಅದನ್ನು ಕಾನೂನು ಅವರಿಗೆ ಉಳಿಸಿಕೊಟ್ಟಿತು.

ಇದು ಸಮುದ್ರದಾಚೆಯ ಸಂಗತಿ ಮಾತ್ರವೂ ಅಲ್ಲ. ಕೊಡಗಿನಲ್ಲಿ 1854ರಿಂದ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ಮೈಸೂರು ಸೀಮೆಯ ಬಯಲು ಊರುಗಳಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತಂದರು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರು ಮತ್ತೆ ಕೆಲಸಕ್ಕೆ ಅಟ್ಟಬಹುದು, ಒಪ್ಪದಿದ್ದರೆ ಮೂರು ತಿಂಗಳವರೆಗೆ ಜೈಲಿಗೆ ಹಾಕಬಹುದು ಎಂದು 1859ರ ಒಂದು ಕಾನೂನು ಹೇಳುತ್ತಿತ್ತು. ಕಲ್ಕತ್ತೆ, ಮದ್ರಾಸು, ಬೊಂಬಾಯಿ ನಗರಗಳ ಕುಶಲಕರ್ಮಿಗಳಿಗೆಂದು ಹೊರಟ ಆ ಕಾನೂನು ತೋಟಗಳ ಒಳ್ಳೆಯ ಆಯುಧವಾಯಿತು. ಅದನ್ನು ರದ್ದು ಮಾಡಲು ತೀರ್ಮಾನವಾದದ್ದು 1925ರಲ್ಲಿ, ಗಿರ್ಮಿಟ್ ನಿಂತು ಎಂಟು ವರ್ಷಗಳಾದ ಮೇಲೆ.

ನೂರಕ್ಕೆ ನಲವತ್ತು

ಪ್ರತಿ ನೂರು ಗಂಡಸರಿಗೆ ನಲವತ್ತು ಹೆಂಗಸರು ಇರಲೇಬೇಕು ಎಂಬ ನಿಯಮವಿತ್ತು. ವಿಧವೆಯರು, ಗಂಡ ಬಿಟ್ಟವರು, ಅತ್ತೆಮನೆಯಿಂದ ಓಡಿಬಂದವರು, ಯಾತ್ರೆಯಲ್ಲಿ ದಾರಿ ತಪ್ಪಿದವರು ಹೀಗೆ ಒಂಟಿಯಾಗಿ ನೋಂದಾಯಿಸಿಕೊಂಡವರು ಬಹಳ. ಊರು ಅವರನ್ನು ನಡತೆಗೆಟ್ಟವರೆಂದಿತು, ಅಧಿಕಾರಿಗಳೂ ಅದನ್ನೇ ಬರೆದರು. ಬದುಕಲು ಬೇರೆ ದಾರಿ ಇಲ್ಲದ ಹೆಂಗಸು ಸಮುದ್ರ ದಾಟುವ ಧೈರ್ಯ ಮಾಡಿದಳು ಎಂದು ಯಾರೂ ಬರೆಯಲಿಲ್ಲ. ತೋಟದಲ್ಲಿ ಅವರ ಕೂಲಿ ಕಡಿಮೆ, ಮೈಮೇಲೆ ಸರ್ದಾರ, ಅಂದರೆ ಆಳುಗಳ ಭಾರತೀಯ ಮೇಸ್ತ್ರಿ, ಮತ್ತು ಮೇಲ್ವಿಚಾರಕರ ಕಣ್ಣು.

1913ರ ಏಪ್ರಿಲಿನಲ್ಲಿ ಫಿಜಿಯ ರೇವಾ ಪ್ರದೇಶದ ಒಂದು ತೋಟದಲ್ಲಿ ಕುಂತಿ ಎಂಬ ಯುವತಿಯನ್ನು ಉಳಿದ ಹೆಂಗಸರಿಂದ ಬೇರ್ಪಡಿಸಿ ಒಂಟಿಯಾಗಿ ಕಳೆ ಕೀಳಲು ಕಳುಹಿಸಲಾಯಿತು. ಮೇಲ್ವಿಚಾರಕ ಮೈಮೇಲೆ ಬಂದಾಗ ಅವಳು ಬಿಡಿಸಿಕೊಂಡು ನದಿಗೆ ಹಾರಿದಳು. ದೋಣಿಯಲ್ಲಿದ್ದ ಹುಡುಗನೊಬ್ಬ ಅವಳನ್ನು ಎತ್ತಿಕೊಂಡ. ಗೋರಖಪುರದ ಕಡೆಯ ದಲಿತ ಕುಟುಂಬದ ಈ ಹೆಂಗಸು ತನ್ನ ಕಥೆಯನ್ನು ಹೇಳಿ ಬರೆಸಿ ಕಲ್ಕತ್ತೆಯ ‘ಭಾರತ ಮಿತ್ರ’ ಪತ್ರಿಕೆಗೆ ಮುಟ್ಟಿಸಿದಳು. ಅದು ಅಚ್ಚಾದ ಮೇಲೆ ದೇಶವೇ ಕೆರಳಿತು, ಭಾರತ ಸರ್ಕಾರ ವಿಚಾರಣೆ ಕೇಳಿತು. ಗಿರ್ಮಿಟಿನ ವಿರುದ್ಧ ಸಭೆಗಳಲ್ಲಿ, ಶಾಸನಸಭೆಯಲ್ಲಿ ಮಾತಾಡಿದ ದೊಡ್ಡವರ ಹೆಸರು ನಮಗೆ ಗೊತ್ತು. ಆ ಮಾತಿಗೆ ಕಿಚ್ಚು ಕೊಟ್ಟವಳು ಕುಂತಿ.

ಹೋರಾಟದ ಮುಖ್ಯ ಘಟ್ಟ ನಟಾಲಿನಲ್ಲಿ ನಡೆಯಿತು. ಕರಾರು ಮುಗಿದವರು ಮತ್ತೆ ಕರಾರಿಗೆ ಒಳಗಾಗಬೇಕು ಇಲ್ಲವೇ ಭಾರತಕ್ಕೆ ಹೋಗಬೇಕು, ಎರಡೂ ಬೇಡವೆಂದರೆ ವರ್ಷಕ್ಕೆ ಮೂರು ಪೌಂಡ್ ತೆರಿಗೆ ಕಟ್ಟಬೇಕು ಎಂದು 1895ರ ಕಾನೂನು ಹೇಳಿತು. ಮೂರು ಪೌಂಡ್ ಎಂದರೆ ಅರವತ್ತು ಶಿಲ್ಲಿಂಗ್. ಮೊದಲ ವರ್ಷದ ಗಿರ್ಮಿಟಿಯನ ತಿಂಗಳ ಕೂಲಿ ಹತ್ತು ಶಿಲ್ಲಿಂಗ್. 1913ರಲ್ಲಿ ನ್ಯೂಕ್ಯಾಸಲ್‌ನ ಕಲ್ಲಿದ್ದಲು ಗಣಿಗಳಿಂದ ಮುಷ್ಕರ ಶುರುವಾಗಿ ಕಬ್ಬಿನ ತೋಟಗಳಿಗೆ ಹಬ್ಬಿತು. ಗಾಂಧಿಯ ಜೊತೆ ಎರಡು ಸಾವಿರಕ್ಕೂ ಹೆಚ್ಚು ಜನ ಗಡಿ ದಾಟಿ ನಡೆದರು. 1914ರಲ್ಲಿ ತೆರಿಗೆ ಹೋಯಿತು. ಇತ್ತ ಭಾರತದ ಶಾಸನಸಭೆಯಲ್ಲಿ ಗಿರ್ಮಿಟ್ ನಿಲ್ಲಿಸಬೇಕೆಂದು ಗೋಖಲೆ 1912ರಲ್ಲಿ ಮಂಡಿಸಿದ ನಿರ್ಣಯ ಸೋತಿತ್ತು, 1916ರಲ್ಲಿ ಮಾಲವೀಯರ ನಿರ್ಣಯವನ್ನು ವೈಸರಾಯ್ ಹಾರ್ಡಿಂಜ್ ಒಪ್ಪಿದ. 1917ರ ಮಾರ್ಚ್‌ನಲ್ಲಿ ಯುದ್ಧಕಾಲದ ಅಧಿಕಾರ ಬಳಸಿ ಹಡಗುಗಳನ್ನು ನಿಲ್ಲಿಸಲಾಯಿತು. ಫಿಜಿಯಲ್ಲಿ ಉಳಿದಿದ್ದ ಕರಾರುಗಳು 1920ರ ಜನವರಿ 1ರಂದು ರದ್ದಾದವು.

ಮರಳಿದವರು, ಉಳಿದವರು

ಮಾರಿಷಸ್, ಗಯಾನಾಗಳಿಗೆ ಹೋದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಭಾರತಕ್ಕೆ ಮರಳಿದರು. ಅವರಲ್ಲಿ ಎಷ್ಟೋ ಜನರಿಗೆ ಊರು ಬಾಗಿಲು ತೆರೆಯಲಿಲ್ಲ. ಸಮುದ್ರ ದಾಟಿದ ದೋಷ, ಬೇರೆ ಜಾತಿಯ ಹೆಂಡತಿ, ಭೋಜಪುರಿ ಮಾತಿನಲ್ಲಿ ಬೆರೆತ ಪರದೇಶದ ಪದಗಳು. ಉಳಿತಾಯ ಕರಗಿದ ಮೇಲೆ ಅವರು ಕಲ್ಕತ್ತೆಯ ಬಂದರಿನ ಬಳಿಯ ಮಟಿಯಾಬುರ್ಜ್‌ನಲ್ಲಿ ಗುಂಪುಗುಂಪಾಗಿ ಬಿದ್ದಿದ್ದು, ಬಿಟ್ಟು ಬಂದ ವಸಾಹತಿಗೇ ಮರಳಿ ಕಳುಹಿಸಿ ಎಂದು ಬೇಡಿಕೊಂಡರು. ಉಳಿದವರ ದಾರಿಯೂ ಒಂದೇ ಆಗಿರಲಿಲ್ಲ. ಮಾರಿಷಸ್‌ನಲ್ಲಿ ಗಿರ್ಮಿಟಿಯರ ಮಕ್ಕಳು ದೇಶವನ್ನೇ ಆಳಿದರು; 2024ರಲ್ಲಿ ಭಾರತ ಅಲ್ಲಿನ ಏಳನೆಯ ತಲೆಮಾರಿನವರೆಗೆ ಸಾಗರೋತ್ತರ ಪೌರತ್ವದ ಕಾರ್ಡನ್ನು ವಿಸ್ತರಿಸಿತು. ಫಿಜಿಯಲ್ಲಿ ಮೊದಲ ಹಡಗು ‘ಲಿಯೋನಿಡಾಸ್’ ಬಂದದ್ದು 1879ರ ಮೇ 14ರಂದು. ಭಾರತೀಯರ ಬೆಂಬಲವಿದ್ದ ಸರ್ಕಾರವನ್ನು ಸೇನೆ ಉರುಳಿಸಿದ್ದು 1987ರ ಮೇ 14ರಂದು. ಅದರ ನಂತರ ಸಾವಿರಾರು ಕುಟುಂಬಗಳು ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೆನಡಾಗಳಿಗೆ ಇನ್ನೊಮ್ಮೆ ವಲಸೆ ಹೋದವು.

ಸಿಂಹಳ, ಮಲಯಗಳಿಗೆ ಹೋದವರ ಸಂಖ್ಯೆ ಇವರೆಲ್ಲರಿಗಿಂತ ಎಷ್ಟೋ ದೊಡ್ಡದು. ಅಲ್ಲಿಗೆ ಹೆಚ್ಚಾಗಿ ಆಳು ತಂದದ್ದು ಕಂಗಾಣಿಗಳು, ಅಂದರೆ ತೋಟದಲ್ಲೇ ದುಡಿದು ಮೇಲೆ ಬಂದು ತಮ್ಮೂರಿಗೆ ಹೋಗಿ ಮುಂಗಡ ಕೊಟ್ಟು ಜನರನ್ನು ಕರೆತರುತ್ತಿದ್ದ ಮೇಸ್ತ್ರಿಗಳು. ಅಲ್ಲಿ ಐದು ವರ್ಷದ ಕರಾರು ಇರಲಿಲ್ಲ, ತೀರದ ಸಾಲವಿತ್ತು. ಸಿಂಹಳದ ಕಾಫಿ, ಆಮೇಲೆ ಚಹಾ ಬೆಳೆದವರು ಮುಖ್ಯವಾಗಿ ಹೀಗೆ ಹೋದ ತಮಿಳರು. ಸ್ವಾತಂತ್ರ್ಯ ಬಂದ 1948ರಲ್ಲೇ ಹೊಸ ಪೌರತ್ವ ಕಾನೂನು ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ 9.75 ಲಕ್ಷ ಜನರ ಹಣೆಬರಹವನ್ನು ಒಪ್ಪಂದದಲ್ಲಿ ಹಂಚಿಕೊಂಡರು: 5.25 ಲಕ್ಷ ಭಾರತಕ್ಕೆ, 3 ಲಕ್ಷ ಸಿಂಹಳಕ್ಕೆ, ಉಳಿದ 1.5 ಲಕ್ಷ ಜನರ ತೀರ್ಮಾನ ಮುಂದಕ್ಕೆ. ಆ ಜನರನ್ನು ಯಾರೂ ಕೇಳಲಿಲ್ಲ.

ಹಾಗೆ ಬಂದವರಲ್ಲಿ ಒಂದು ಪಾಲು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ತಾಲ್ಲೂಕುಗಳಿಗೆ ಬಂತು. ಅವರಿಗೆಂದು ಅಲ್ಲಿ ಸರ್ಕಾರಿ ರಬ್ಬರ್ ತೋಟಗಳನ್ನು ಬೆಳೆಸಲಾಯಿತು. ಈಗ ಅವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ದಾಖಲೆಗಳಲ್ಲಿ ಅವರು ‘ಸ್ವದೇಶಕ್ಕೆ ಮರಳಿದವರು’. ಬಂದವರಲ್ಲಿ ಹೆಚ್ಚಿನವರು ಹುಟ್ಟಿದ್ದು ಸಿಂಹಳದ ತೋಟಗಳಲ್ಲಿ, ಭಾರತವನ್ನು ಅವರು ಮೊದಲ ಸಲ ನೋಡಿದ್ದು ಆಗಲೇ. ಸುಳ್ಯದ ಶಾಲೆಗಳಲ್ಲಿ ಅವರ ಮೊಮ್ಮಕ್ಕಳು ಕನ್ನಡದಲ್ಲಿ ಇತಿಹಾಸ ಓದುತ್ತಾರೆ. ಅವರ ಮುತ್ತಜ್ಜಿಯರು ಸಮುದ್ರ ದಾಟಿದ್ದು ಏಕೆ ಎಂಬುದು ಆ ಪಾಠದಲ್ಲಿ ಇರಬೇಕು.